ತಾಯಿ ಬೆಕ್ಕು ಕಾಣ್ತಿಲ್ಲ, ಕಣ್ಣು ಬಿಟ್ಟ ನಾಲ್ಕು ಮರಿ ಇದಾವೆ, ಏನು ಕುಡಿಸ್ಬೇಕು?

ತೀರ್ಥಳ್ಳಿ_ಸೊಸೆ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟಿದೆ. ನಮ್ದು ತೀರ್ಥಹಳ್ಳಿ ಹತ್ರ, ಆಗುಂಬೆ ರೋಡಿಂದ ಒಳಗೆ ತೋಟದ ಮನೆ. ಪುನರ್ವಸು ಮಳೆ ಬಿಡದೆ ಹೊಡೀತಾ ಇದೆ, ಕರೆಂಟು ಬಂದ್ರೆ ಬಂತು ಇಲ್ಲ ಅಂದ್ರೆ ಇಲ್ಲ. ಕಟ್ಟಿಗೆ ಕೊಟ್ಟಿಗೇಲಿ ಒಂದು ಬೆಕ್ಕು ಮರಿ ಹಾಕಿತ್ತು, ನಾವು ಸಾಕಿದ್ದಲ್ಲ, ಹಾಲು ಕರೆಯೋ ಹೊತ್ತಿಗೆ ಮಾತ್ರ ಬಂದು ಬಾಗಿಲಲ್ಲಿ ಕೂರ್ತಿತ್ತು, ಬಾಕಿ ಟೈಮಲ್ಲಿ ಯಾರ ಕೈಗೂ ಸಿಗ್ತಿರ್ಲಿಲ್ಲ. ಮೊನ್ನೆ ರಾತ್ರಿಯಿಂದ ಅದರ ಪತ್ತೆ ಇಲ್ಲ. ನಮ್ಮ ಕಡೆ ಚಿರತೆ ಓಡಾಟ ಇದೆ, ಕೇರಿಯಲ್ಲಿ ನಾಯಿಗಳೇ ಹೋಗಿದಾವೆ, ಹಂಗಾಗಿ ಬರುತ್ತೆ ಅನ್ನೋ ನಂಬಿಕೆ ನಂಗಿಲ್ಲ.

ಮರಿಗಳು ನಾಲ್ಕು. ಮೂರರದ್ದು ಕಣ್ಣು ಪೂರ್ತಿ ಬಿಟ್ಟಿದೆ, ಬಿಳೀದೊಂದರದ್ದು ಒಂದು ಕಣ್ಣು ಮಾತ್ರ, ಇನ್ನೊಂದು ಪಿಚ್ಚು ಕಟ್ಟಿ ಅಂಟಿಕೊಂಡಿದೆ. ನಮ್ಮತ್ತೆ ಎಂತ ದೊಡ್ಡ ವಿಷ್ಯ ಅದು, ಹಾಲಿಗೆ ನೀರು ಬೆರೆಸಿ ಹತ್ತಿ ಬತ್ತಿ ಅದ್ದಿ ಬಾಯಿಗಿಡು ಚೀಪ್ತಾವೆ ಅಂದ್ರು. ನಿನ್ನೆ ಸಂಜೆ ಹಂಗೇ ಕೊಟ್ರು, ಎರಡು ಚೀಪಿದ್ವು, ಬೆಳಿಗ್ಗೆ ನೋಡಿದ್ರೆ ಒಂದಕ್ಕೆ ಹಳದಿ ನೀರಿನ ಹಾಗೆ ಭೇದಿ. ಬಿಳಿ ಮರಿ ಬಾಯೇ ತೆಗೀತಿಲ್ಲ, ಮುಟ್ಟಿದ್ರೆ ಕೈಗೆ ತಣ್ಣಗೆ ಹತ್ತುತ್ತೆ.

ಏನು ಕುಡಿಸ್ಬೇಕು, ಎಷ್ಟು ಕುಡಿಸ್ಬೇಕು, ಎಷ್ಟೊತ್ತಿಗೊಂದ್ಸಲ ಅಂತ ಗೊತ್ತಿದ್ದೋರು ಹೇಳಿ. ಪೇಟೆ ದೂರ, ಇವತ್ತಂತೂ ಹೊಳೆ ದಾಟೋಕಾಗಲ್ಲ. ಮತ್ತೆ ನಮ್ಮನೇಲಿ ಮೀನು ಮೊಟ್ಟೆ ಒಳಗೆ ತರೋ ಹಾಗಿಲ್ಲ, ಅದನ್ನೂ ನೋಡ್ಕೊಂಡು ಹೇಳಿ.

ಕೊತ್ತಿ_ಅಕ್ಕ:

ತಂಗೀ ಮೊದ್ಲು ಆ ಹಾಲಿನ ಲೋಟ ಪಕ್ಕಕ್ಕಿಡು. ಬಿಳಿ ಮರಿಗೆ ಈಗ ಹಾಲಲ್ಲ, ಬಿಸಿ ಬೇಕು. ಮೈ ತಣ್ಣಗಿರೋ ಮರಿಗೆ ಹಾಲು ಹೊಯ್ದರೆ ಹೊಟ್ಟೇಲಿ ಜೀರ್ಣ ಆಗಲ್ಲ, ಅಲ್ಲೇ ಕೂತು ಕೆಡುತ್ತೆ, ಚೀಪೋ ಶಕ್ತಿ ಇಲ್ಲದ್ರಿಂದ ನುಂಗೋಕಾಗದೆ ಶ್ವಾಸಕೋಶಕ್ಕೂ ಹೋಗುತ್ತೆ. ಶಿವಮೊಗ್ಗದಲ್ಲಿ ನಮ್ಮನೆಗೆ ಪ್ರತಿ ಮಳೆಗಾಲ ಯಾರಾದ್ರೂ ಒಬ್ರು ಡಬ್ಬದಲ್ಲಿ ಮರಿ ತಂದುಬಿಡ್ತಾರೆ, ಬರೋವಾಗಲೇ ಅರ್ಧ ಸತ್ತಿರ್ತಾವೆ, ಕೇಳಿದ್ರೆ ಹಾಲು ಕುಡಿಸಿದ್ವಿ ಅಕ್ಕಾ ಅಂತಾರೆ. ಹೊಟ್ಟೆಗಿಲ್ಲದೆ ಸಾಯೋದಕ್ಕಿಂತ ಥಂಡಿಗೆ ಸಾಯೋವು ಜಾಸ್ತಿ.

ಈಗ ಹಿಂಗೆ ಮಾಡು. ಒಂದು ರಟ್ಟಿನ ಡಬ್ಬ ತಗೊ, ಕೆಳಗೆ ಹಳೇ ಕಂಬಳಿ ಹಾಕು, ಅದರ ಮೇಲೆ ಹತ್ತಿ ಸೀರೆ ತುಂಡು. ಎರಡು ಪ್ಲಾಸ್ಟಿಕ್ ಬಾಟ್ಲಿಗೆ ಬಿಸಿನೀರು ತುಂಬಿ ಮುಚ್ಚಳ ಗಟ್ಟಿ ಮಾಡಿ ಟವಲ್ ಸುತ್ತಿ ಡಬ್ಬದ ಒಂದೇ ಕಡೆಗಿಡು, ಇನ್ನೊಂದು ಕಡೆ ಖಾಲಿ ಬಿಡು, ಸೆಖೆ ಆದ್ರೆ ತಾವೇ ತೆವಳಿ ಆ ಕಡೆ ಹೋಗ್ತಾವೆ. ಕರೆಂಟಿಲ್ಲ ಅಂದ್ಯಲ್ಲ, ಬಚ್ಚಲೊಲೆ ಹಂಡೇಲಿ ನೀರು ಯಾವಾಗ್ಲೂ ಬಿಸಿ ಇರುತ್ತೆ, ಎರಡು ಗಂಟೆಗೊಂದ್ಸಲ ಬದಲಾಯಿಸ್ತಾ ಇರು. ಕಾಲುಚೀಲಕ್ಕೆ ಅಕ್ಕಿ ತುಂಬಿ ಗಂಟು ಹಾಕಿ ಕಾವಲಿ ಮೇಲೆ ಬಿಸಿ ಮಾಡಿದ್ರೂ ನಡೆಯುತ್ತೆ, ಆದ್ರೆ ನಿನ್ನ ಕೆನ್ನೆಗೆ ಒತ್ತಿ ನೋಡಿ ಸುಡಲ್ಲ ಅಂತ ಆದ್ಮೇಲೇ ಇಡು. ಒಲೆ ಬಾಯಿ ಹತ್ರ, ಹೊಡಸಲ ಹತ್ರ ಮಾತ್ರ ಇಡ್ಬೇಡ, ಹೊಗೆ ಆಗಲ್ಲ ಅವಕ್ಕೆ.

ಬಿಳೀದನ್ನ ನಿನ್ನ ರವಿಕೆ ಒಳಗೆ ಎದೆಗೆ ಆನಿಸಿ ಇಟ್ಕೊ, ಮೇಲೆ ಶಾಲು ಹೊದ್ಕೊ. ನಿಧಾನ ಬಿಸಿ ಆಗ್ಬೇಕು, ಒಂದೆರಡು ಗಂಟೆ ಬೇಕು ಅದಕ್ಕೆ, ಬಿಸಿನೀರಲ್ಲಿ ಅದ್ದಿ ತೆಗೆಯೋ ಬುದ್ಧಿ ಯಾರಾದ್ರೂ ಹೇಳಿದ್ರೆ ಕೇಳ್ಬೇಡ. ಹೊಟ್ಟೆ, ಪಾದ, ಬಾಯಿ ಒಳಗೆ ಎಲ್ಲ ಬೆಚ್ಚಗಾದ್ಮೇಲೆ ಗ್ಲುಕೋಸ್ ನೀರು ಒಂದೆರಡು ಹನಿ ಬೆರಳಲ್ಲಿ ಒಸಡಿಗೆ ಸವರು. ಆಮೇಲೆ ಕಿರುಬೆರಳು ಬಾಯಿಗಿಟ್ಟು ನೋಡು, ಚೀಪಿದ್ರೆ ಹಾಲಿಗೆ ರೆಡಿ ಅಂತ ಅರ್ಥ, ಚೀಪದಿದ್ರೆ ಇನ್ನೂ ಸ್ವಲ್ಪ ಹೊತ್ತು ಬಿಸಿನೇ.

ಹೊಸನಗರದ_ಮಾಣಿ:

ಎಂತ ಮಾರಾಯ್ರೆ ಇಷ್ಟೆಲ್ಲ. ನಮ್ಮನೇಲಿ ಅಜ್ಜನ ಕಾಲದಿಂದ ಬೆಕ್ಕಿದಾವೆ, ಎಲ್ಲ ದನಿನ ಹಾಲು ಕುಡಿದೇ ಬೆಳೆದಿದ್ದು, ಒಂದಕ್ಕೂ ಏನೂ ಆಗ್ಲಿಲ್ಲ. ಮನೇಲಿ ಎಮ್ಮೆ ಹಸು ಇಟ್ಕೊಂಡು ಪೇಟೆಯಿಂದ ಹಾಲಿನ ಪೌಡರ್ ತರಿಸಿ ಬೆಕ್ಕಿಗೆ ಹಾಕಿ ಅಂತ ಯಾರಾದ್ರೂ ಅಂದ್ರೆ ಕೇಳಿದೋರು ನಗ್ತಾರೆ.

ವೆಟ್_ಕಾಲೇಜು_ಹುಡುಗ:

ಮಾಣಿ ಅಣ್ಣ, ನಿಮ್ಮನೆ ಬೆಕ್ಕುಗಳು ತಾಯಿ ಹಾಲು ಕುಡಿದು ಬೆಳೆದು ಮೇಲಿಂದ ಹಸುವಿನ ಹಾಲೂ ಕುಡಿದಿರ್ತಾವೆ, ಜೊತೆಗೆ ಇಲಿ, ಹಲ್ಲಿ, ಮಿಡತೆ ಎಲ್ಲ ತಿಂದಿರ್ತಾವೆ. ಇಲ್ಲಿ ಇರೋದು ತಾಯಿನೇ ಇಲ್ಲದ ಮರಿ, ಹೊಟ್ಟೆಗೆ ಹೋಗೋದು ನಾವು ಕೊಟ್ಟಿದ್ದಷ್ಟೇ.

ಬೆಕ್ಕಿನ ಹಾಲಲ್ಲಿ ಪ್ರೊಟೀನು ಹಸುವಿನ ಹಾಲಿನ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತೆ, ಕೊಬ್ಬೂ ಜಾಸ್ತಿ. ಹಸುವಿನ ಹಾಲು ಕರು ಬೆಳೆಯೋಕೆ ಸರಿ, ದಿನಕ್ಕೆ 10ರಿಂದ 15 ಗ್ರಾಂ ತೂಕ ಏರಬೇಕಾದ ಬೆಕ್ಕಿನ ಮರಿಗೆ ಅದು ತೆಳು ಗಂಜಿ ಇದ್ದಂಗೆ. ಹೊಟ್ಟೆ ತುಂಬುತ್ತೆ, ಮೈ ಹತ್ತಲ್ಲ. ಅದರ ಮೇಲೆ ಲ್ಯಾಕ್ಟೋಸ್ ಹೆಚ್ಚಾಗಿ ಭೇದಿ ಆಗುತ್ತೆ. ಅತ್ತೆಯವರು ನೀರು ಬೆರೆಸಿದ್ರಲ್ಲ, ಅದು ಇನ್ನೂ ತೆಳು ಮಾಡಿದಂಗಾಯ್ತು. ಮಕ್ಕಳಿಗೆ ಕೊಡೋ ಹಾಲಿನ ಪುಡಿಯೂ ಬೇಡ, ಅದು ಮನುಷ್ಯರ ಲೆಕ್ಕಕ್ಕೆ ಮಾಡಿದ್ದು, ಮನುಷ್ಯರ ಹಾಲು ಹಸುವಿನದ್ದಕ್ಕಿಂತಲೂ ತೆಳು.

ಬೇಕಾಗಿರೋದು ಬೆಕ್ಕಿನ ಮರಿಗೇ ಅಂತ ಬರೋ ಹಾಲಿನ ಪುಡಿ, ಕೆಎಂಆರ್ ಅಂತ ಕೇಳಿ, ಇಲ್ಲ ರಾಯಲ್ ಕ್ಯಾನಿನ್‌ದು ಬೇಬಿಕ್ಯಾಟ್ ಮಿಲ್ಕ್ ಅಂತ ಬರುತ್ತೆ, ಡಬ್ಬದ ಮೇಲೆ ಬರೆದಷ್ಟೇ ನೀರು ಹಾಕಿ ಕಲಸಬೇಕು. ಅದು ಕೈಗೆ ಸಿಗೋವರೆಗೂ ಒಂದೆರಡು ದಿನ ದೂಡೋಕೆ ಮಾತ್ರ ಅಂದ್ರೆ ಮೇಕೆ ಹಾಲು ಸಿಕ್ರೆ ಒಳ್ಳೇದು, ಇಲ್ಲದಿದ್ರೆ ಗಟ್ಟಿ ಹಾಲನ್ನೇ ನೀರು ಬೆರೆಸದೆ, ಸಕ್ಕರೆ ಹಾಕದೆ, ಕಾಯಿಸಿ ಆರಿಸಿ ಒಂದು ಲೋಟಕ್ಕೆ ಒಂದು ಮೊಟ್ಟೆಯ ಹಳದಿ ಭಾಗ ಚೆನ್ನಾಗಿ ಕದಡಿ ಸೋಸಿ ಕೊಡಿ. ಬಿಳಿ ಭಾಗ ಬೇಡ. ಮೊಟ್ಟೆ ಮನೆ ಒಳಗೆ ಬರಲ್ಲ ಅಂದ್ರೆ ಕೊಟ್ಟಿಗೇಲೇ ಕಲಸಿ, ನಿಮ್ಮತ್ತೆಗೆ ಔಷಧಿ ಅಂತ ಹೇಳಿ.

ಕುಡಿಸೋದು ಹೇಗೆ ಅನ್ನೋದು ಏನು ಕುಡಿಸ್ತೀರಿ ಅನ್ನೋದಕ್ಕಿಂತ ಮುಖ್ಯ. ಮನುಷ್ಯರ ಮಗೂನ ಮಲಗಿಸಿದ ಹಾಗೆ ಅಂಗಾತ ಮಲಗಿಸ್ಬೇಡಿ. ಹೊಟ್ಟೆ ಕೆಳಗೆ, ನಾಲ್ಕೂ ಕಾಲು ಊರಿ, ತಾಯಿ ಹತ್ರ ಹೆಂಗೆ ಮಲಗುತ್ತೋ ಹಂಗೆ ಟವಲ್ ಮೇಲೆ ಇಟ್ಟು ತಲೆ ಸ್ವಲ್ಪ ಎತ್ತಿ. ಹತ್ತಿ ಬತ್ತಿ ಬೇಡ, ಎಳೆ ನುಂಗ್ತಾವೆ, ಎಷ್ಟು ಹೋಯ್ತು ಅಂತ ಲೆಕ್ಕವೂ ಸಿಗಲ್ಲ. ಮೆಡಿಕಲ್ ಶಾಪಲ್ಲಿ 2 ಎಂಎಲ್ ಸಿರಿಂಜ್ ಸಿಗುತ್ತೆ, ಸೂಜಿ ತೆಗೆದು ಬಾಯಿಯ ಪಕ್ಕದಿಂದ ಒಂದೊಂದೇ ಹನಿ ನಾಲಿಗೆ ಮೇಲೆ ಬಿಡಿ, ಅದು ನುಂಗಿದ್ಮೇಲೆ ಇನ್ನೊಂದು. ಒತ್ತಿ ಹೊಯ್ಬೇಡಿ. ಮೂಗಲ್ಲಿ ಹಾಲಿನ ಗುಳ್ಳೆ ಬಂದ್ರೆ ತಕ್ಷಣ ನಿಲ್ಲಿಸಿ, ತಲೆ ಕೆಳಗೆ ಮಾಡಿ ಒರೆಸಿ. ಆಮೇಲೆ ಉಸಿರಾಟ ಜೋರಾದ್ರೆ, ಗೊರಗೊರ ಅಂದ್ರೆ ಅದು ನ್ಯುಮೋನಿಯಾ ಆಗೋ ಲಕ್ಷಣ, ಡಾಕ್ಟರಿಗೆ ತೋರಿಸ್ಲೇಬೇಕು.

ಮನೇಲಿ ಗ್ರಾಂ ತೋರಿಸೋ ತಕ್ಕಡಿ ಇದೆಯಾ? ತೂಕ ಹೇಳಿ, ಲೆಕ್ಕ ಹೇಳ್ತೀನಿ.

ತೀರ್ಥಳ್ಳಿ_ಸೊಸೆ:

ಥ್ಯಾಂಕ್ಸ್ ಥ್ಯಾಂಕ್ಸ್. ಬಿಳಿ ಮರಿ ಅಕ್ಕ ಹೇಳಿದ ಹಂಗೆ ಸೆರಗೊಳಗೆ ಇಟ್ಕೊಂಡೇ ಅಡುಗೆ ಮಾಡಿದೆ, ಮಧ್ಯಾಹ್ನದ ಹೊತ್ತಿಗೆ ಉಗುರಲ್ಲಿ ಕೆರೆಯೋಕೆ ಶುರು ಮಾಡ್ತು, ಬೆರಳು ಇಟ್ರೆ ಚೀಪ್ತು! ನಮ್ಮತ್ತೆ ಮೊದಲು ಮುಖ ಸಿಂಡರಿಸಿದ್ರು, ಆಮೇಲೆ ಬಾಟ್ಲಿ ನೀರು ಬದಲಾಯಿಸೋದು ಅವರೇ ವಹಿಸ್ಕೊಂಡಿದಾರೆ. ಪಕ್ಕದ ಮನೇಲಿ ಮೇಕೆ ಇದೆ, ಹಾಲು ಸಿಕ್ತು.

ಬೇಕರಿ ಮಾಡೋ ನನ್ನ ನಾದಿನಿ ತಕ್ಕಡಿ ಇತ್ತು, ತೂಕ ಮಾಡಿದೆ. ಕಪ್ಪು 205, ಬೂದಿ 190, ಪಟ್ಟೆದು 185, ಬಿಳೀದು 140 ಗ್ರಾಂ. ಭೇದಿ ಆಗಿರೋದು ಪಟ್ಟೆದು.

ವೆಟ್_ಕಾಲೇಜು_ಹುಡುಗ:

ಹುಟ್ಟಿದಾಗ ಸಾಮಾನ್ಯವಾಗಿ 100 ಗ್ರಾಂ ಆಸುಪಾಸು ಇರ್ತಾವೆ, ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ಏರ್ತಾವೆ, ಕಣ್ಣು ಬಿಡೋದು 7ರಿಂದ 14 ದಿನದೊಳಗೆ. ಹಾಗಾಗಿ ನಿಮ್ಮವಕ್ಕೆ ಹತ್ತು ದಿನದ ಆಸುಪಾಸು ಅಂದ್ಕೊಳ್ಳಿ.

ಈ ವಯಸ್ಸಲ್ಲಿ ಹೊಟ್ಟೆ ಹಿಡಿಯೋದು 100 ಗ್ರಾಂ ತೂಕಕ್ಕೆ ಸುಮಾರು 4 ಎಂಎಲ್. ಅಂದ್ರೆ ಕಪ್ಪಿಗೆ ಒಂದು ಸಲಕ್ಕೆ ಹೆಚ್ಚೆಂದ್ರೆ 8, ಬೂದಿ, ಪಟ್ಟೆ ಎರಡಕ್ಕೂ ತಲಾ 7, ಬಿಳೀದಕ್ಕೆ 5 ಎಂಎಲ್. ದಿನಕ್ಕೆ ಒಟ್ಟು 100 ಗ್ರಾಂಗೆ 20 ಎಂಎಲ್ ಲೆಕ್ಕ. ಮೂರರಿಂದ ನಾಲ್ಕು ಗಂಟೆಗೊಂದ್ಸಲ, ರಾತ್ರಿನೂ ಸೇರಿ. ಬಿಳೀದಕ್ಕೆ ಎರಡು ದಿನ ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ಕೊಡಿ. ಅತ್ತು ಕೇಳಿದ್ವು ಅಂತ ಹೊಟ್ಟೆ ಬಿರಿಯೋ ಹಾಗೆ ಕೊಟ್ರೂ ಭೇದಿನೇ. ಹೊಟ್ಟೆ ಗುಂಡಗೆ ಮೆತ್ತಗಿರ್ಬೇಕು, ಬಿಗಿದ ಚೆಂಡಾಗಬಾರದು. ಹಾಲು ಮೊಣಕೈ ಮೇಲೆ ಹನಿ ಬಿಟ್ರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನೋ ಹದ, 38 ಡಿಗ್ರಿ ಹತ್ರ. ಮಿಕ್ಕಿದ ಹಾಲು ಎತ್ತಿಟ್ಟು ಮತ್ತೆ ಕೊಡ್ಬೇಡಿ, ಸಿರಿಂಜ್ ಪ್ರತಿ ಸಲ ಕುದಿಯೋ ನೀರಲ್ಲಿ ತೊಳೀರಿ.

ಒಂದು ವಿಷ್ಯ ಯಾರೂ ಹೇಳ್ಲಿಲ್ಲ ಇನ್ನೂ. ಮೂರು ವಾರದವರೆಗೂ ಇವು ತಾವಾಗೇ ಉಚ್ಚೆ ಕಕ್ಕ ಮಾಡಲ್ಲ, ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತೆ. ಪ್ರತಿ ಸಲ ಹಾಲು ಕುಡಿಸಿದ್ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಹಿಂಡಿ ಬಾಲದ ಕೆಳಗೆ ಮೆತ್ತಗೆ ತಟ್ಟಿ ತಟ್ಟಿ ಒರೆಸಿ, ಅರ್ಧ ನಿಮಿಷದಲ್ಲಿ ಉಚ್ಚೆ ಬರುತ್ತೆ. ಉಚ್ಚೆ ತಿಳಿ ಹಳದಿ ಇದ್ರೆ ಸರಿ. ಕಡು ಹಳದಿ ಇದ್ರೆ ಮೈಯಲ್ಲಿ ನೀರು ಕಮ್ಮಿ ಆಗಿದೆ ಅಂತ. ಕಕ್ಕ ಒಂದು ದಿನ ಬರದಿದ್ರೆ ಗಾಬರಿ ಬೇಡ. ಪಟ್ಟೆ ಮರಿಗೆ ನಾಳೆಯೂ ನೀರು ನೀರು ಭೇದಿ ನಿಲ್ಲದಿದ್ರೆ ಕಾಯ್ಬೇಡಿ, ಇಷ್ಟು ಸಣ್ಣ ಮೈಯಲ್ಲಿ ನೀರು ಒಂದೇ ದಿನಕ್ಕೆ ಬತ್ತುತ್ತೆ. ತೀರ್ಥಹಳ್ಳಿ ಪಶು ಆಸ್ಪತ್ರೆಗೆ ಒಯ್ಯಿರಿ, ಶಿವಮೊಗ್ಗಕ್ಕೆ ಬರೋ ಹಾಗಿದ್ರೆ ವಿನೋಬನಗರದ ವೆಟರ್ನರಿ ಕಾಲೇಜಲ್ಲಿ ನೋಡ್ತಾರೆ.

ಬಿಳೀದರ ಕಣ್ಣು ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಸ್ವಲ್ಪ ಹೊತ್ತು ಮೇಲಿಟ್ಟು ಪಿಚ್ಚು ನೆನೆದ್ಮೇಲೆ ಮೂಗಿನ ಕಡೆಯಿಂದ ಹೊರಗೆ ಒರೆಸಿ. ಕಿತ್ತು ಬಿಡಿಸೋದು ಬೇಡ. ರೆಪ್ಪೆ ಒಳಗೆ ಉಬ್ಬಿದ್ರೆ ಕೀವು ತುಂಬಿದೆ ಅಂತ, ಡಾಕ್ಟರು ನೋಡ್ಬೇಕು. ಮನೇಲಿರೋ ನಿಮ್ಮ ಕಣ್ಣಿನ ಡ್ರಾಪ್ಸ್ ಹಾಕ್ಬೇಡಿ.

ಸಾಗರದ_ರಾಯರು:

ನಾನು ಬೇರೆ ಎರಡು ಮಾತು ಹೇಳ್ತೇನೆ. ಈ ಮನೆಯಲ್ಲಿ ತಾಯಿ ಬೆಕ್ಕನ್ನ ಎಲ್ಲರೂ ಕಂಡಿದ್ದಾರೆ, ಆದ್ದರಿಂದ ಅನುಮಾನ ಇಲ್ಲ, ಆದರೆ ಓದುವ ಬೇರೆಯವರಿಗಾಗಿ ಹೇಳುವುದು. ನಮ್ಮ ಕಡೆ ಅಟ್ಟದ ಮೇಲೆ, ಅಡಿಕೆ ಗೋಣಿ ಸಂದಿಯಲ್ಲಿ ಸಿಕ್ಕಿದ್ದೆಲ್ಲ ಬೆಕ್ಕಿನ ಮರಿ ಅಲ್ಲ. ಕಬ್ಬೆಕ್ಕು, ಅಂದರೆ ಪುನುಗು ಜಾತಿಯ ಕಾಡುಪ್ರಾಣಿ, ಅಟ್ಟದಲ್ಲೇ ಮರಿ ಹಾಕುತ್ತದೆ, ಅದರ ಮರಿಗೆ ಮೂತಿ ಉದ್ದ, ಮೈ ಕಪ್ಪು ಬೂದು, ಬಾಲ ದೇಹಕ್ಕಿಂತ ದೊಡ್ಡದು ಅನ್ನಿಸುತ್ತದೆ. ತೋಟದಂಚಲ್ಲಿ ಮೈಮೇಲೆ ಚುಕ್ಕೆ ಇರುವ ಮರಿ ಸಿಕ್ಕಿದರೆ ಅದು ಚಿರತೆ ಬೆಕ್ಕಿನದ್ದೂ ಆಗಬಹುದು. ಇವನ್ನೆಲ್ಲ ಮನೆಗೆ ತಂದು ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ, ಅರಣ್ಯ ಇಲಾಖೆಗೆ ತಿಳಿಸಬೇಕು, ಮುಟ್ಟದೆ ಬಿಟ್ಟರೆ ತಾಯಿಯೇ ಬಂದು ಕಚ್ಚಿಕೊಂಡು ಹೋಗುತ್ತದೆ.

ಎರಡನೆಯದು, ತಾಯಿ ಹೋಗಿದೆ ಅಂತ ಬೇಗ ತೀರ್ಮಾನ ಮಾಡಬಾರದು. ಬೇಟೆಗೆ ಹೋದ ಬೆಕ್ಕು ಗಂಟೆಗಟ್ಟಲೆ ಬರುವುದಿಲ್ಲ, ಜನ ಸುತ್ತಮುತ್ತ ಇದ್ದರೆ ಇನ್ನೂ ಬರುವುದಿಲ್ಲ. ಮರಿ ಇರುವ ಜಾಗದ ಸುತ್ತ ಒಲೆ ಬೂದಿ ಹರಡಿ ದೂರ ಹೋಗಬೇಕು, ಹೆಜ್ಜೆ ಬಿದ್ದರೆ ಗೊತ್ತಾಗುತ್ತದೆ. ಮರಿಗಳು ಹೊಟ್ಟೆ ತುಂಬಿ ಮಲಗಿದ್ದರೆ ತಾಯಿ ಬರುತ್ತಿದೆ ಅಂತಲೇ ಲೆಕ್ಕ, ಬಿಡದೆ ಕೂಗುತ್ತಿದ್ದರೆ ಮಾತ್ರ ಕೈ ಹಾಕಬೇಕು. ನಿಮ್ಮಲ್ಲಿ ಎರಡು ರಾತ್ರಿ ಕಳೆದಿದೆ, ಒಂದು ತಣ್ಣಗೂ ಆಗಿತ್ತು, ನೀವು ಎತ್ತಿಕೊಂಡದ್ದು ಸರಿಯೇ. ಹತ್ತಿರದಲ್ಲಿ ಯಾರ ಮನೆಯಲ್ಲಾದರೂ ಮರಿ ಹಾಕಿದ ಬೆಕ್ಕಿದ್ದರೆ ವಿಚಾರಿಸಿ. ಅದರ ಮರಿಗಳ ಬಟ್ಟೆಯಲ್ಲಿ ಇವನ್ನ ಒರೆಸಿ ಜೊತೆಗಿಟ್ಟರೆ ಬಹಳಷ್ಟು ಬೆಕ್ಕುಗಳು ಬೇರೆ ಮರಿಯನ್ನೂ ಕುಡಿಸುತ್ತವೆ. ಅದಕ್ಕಿಂತ ಒಳ್ಳೆ ಪೌಡರ್ ಇಲ್ಲ.

ತೀರ್ಥಳ್ಳಿ_ಸೊಸೆ:

ರಾಯರೇ ಬೂದಿ ಹಾಕಿದ್ವಿ, ಬರೀ ಇಲಿ ಹೆಜ್ಜೆ. ಮರಿ ಹಾಕಿದ ಬೆಕ್ಕು ಕೇರೀಲಿ ಎಲ್ಲೂ ಇಲ್ಲವಂತೆ.

ಪಟ್ಟೆ ಮರಿಗೆ ಭೇದಿ ಕಮ್ಮಿ ಆಗಿದೆ. ಇನ್ನೊಂದು ಸಮಸ್ಯೆ, ಕಪ್ಪು ಮರಿ ಹೊಟ್ಟೆ ಕೆಳಗೆ ಕೂದಲು ಸರಿಸಿದ್ರೆ ಕಂದು ಬಣ್ಣದ ಸಣ್ಣ ಹುಳ ಓಡಾಡ್ತಾವೆ, ಹಿಡಿಯೋಕೆ ಹೋದ್ರೆ ಹಾರ್ತಾವೆ. ಕಿವಿ ಹಿಂದೆ ಒಂದು ಉಣುಗು ಕೂಡ ಕಚ್ಚಿಕೊಂಡಿದೆ. ನಮ್ಮನೇಲಿ ಉಣುಗು ಅಂದ್ರೇನೆ ಮಂಗನ ಕಾಯಿಲೆ ಅಂತ ಹೆದರ್ತಾರೆ, ಮಗ ಬೇರೆ ಮರಿ ಬಿಟ್ಟು ಏಳಲ್ಲ.

ಹೊಸನಗರದ_ಮಾಣಿ:

ಇದಕ್ಕೆ ನನ್ನ ಹತ್ರ ಮದ್ದಿದೆ. ದನಿಗೆ ಉಣುಗಿಗೆ ಹಚ್ಚೋ ಔಷಧಿ ಇರುತ್ತಲ್ಲ ಕೊಟ್ಟಿಗೇಲಿ, ಬಕೆಟ್ ನೀರಿಗೆ ಎರಡು ಹನಿ ಹಾಕಿ ಒರೆಸಿದ್ರೆ ಆಯ್ತು, ಒಂದೂ ಉಳಿಯಲ್ಲ.

ಕೊತ್ತಿ_ಅಕ್ಕ:

ಮಾಣೀ!! ಮರಿನೂ ಉಳಿಯಲ್ಲ ಮಾರಾಯ. ತಂಗೀ ಅದನ್ನ ಮುಟ್ಲೇಬೇಡ. ದನಕ್ಕೆ ಹಚ್ಚೋ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ನಾಯಿ ಕುತ್ತಿಗೆಗೆ ಹಾಕೋ ಪರ್ಮೆಥ್ರಿನ್ ಇರೋ ಡ್ರಾಪ್ಸ್, ಇವೆಲ್ಲ ಬೆಕ್ಕಿಗೆ ವಿಷ. ಬೆಕ್ಕಿನ ಲಿವರಿಗೆ ಅದನ್ನ ಕರಗಿಸೋ ಶಕ್ತಿ ಇಲ್ಲ, ಮೈ ನಡುಗಿ ಫಿಟ್ಸ್ ಬಂದು ಹೋಗ್ತಾವೆ, ದೊಡ್ಡ ಬೆಕ್ಕೇ ತಡೆಯಲ್ಲ, ಇನ್ನು 200 ಗ್ರಾಂ ಮರಿ ಏನು ತಡೆಯುತ್ತೆ. ಸೀಮೆಎಣ್ಣೆ, ಕರ್ಪೂರದೆಣ್ಣೆ, ನುಸಿಗುಳಿಗೆನೂ ಅಷ್ಟೇ. ಮನೇಲಿ ಜ್ವರಕ್ಕೆ ಅಂತ ಇಟ್ಟಿರೋ ಡೋಲೋ ಮಾತ್ರೆನೂ ಬೆಕ್ಕಿಗೆ ಕೊಡೋ ಹಾಗಿಲ್ಲ, ಪ್ಯಾರಾಸಿಟಮಾಲ್ ಚೂರು ಹೋದ್ರೂ ಸಾಯ್ತಾವೆ, ಯಾರೋ ಮರಿ ಮೈ ಬಿಸಿ ಇದೆ ಅಂತ ಕಾಲು ಮಾತ್ರೆ ಅರೆದು ಕುಡಿಸಿದ್ದು ನಾನೇ ಕಂಡಿದೀನಿ, ಸಂಜೆಗೆ ಒಸಡೆಲ್ಲ ಕಂದು ಬಣ್ಣ ಆಗಿತ್ತು.

ನೀನು ಹೇಳಿದ ಹಾರೋ ಹುಳ ಚಿಗಟ. ಅದನ್ನ ಹಗುರ ತಿಳ್ಕೋಬೇಡ, ರಕ್ತ ಹೀರಿ ಹೀರಿ ಸಣ್ಣ ಮರಿಗೆ ರಕ್ತವೇ ಇಲ್ಲದಂಗೆ ಮಾಡ್ತಾವೆ. ತುಟಿ ಎತ್ತಿ ಒಸಡು ನೋಡು, ಗುಲಾಬಿ ಇದ್ರೆ ಸರಿ, ಬಿಳಿಚಿಕೊಂಡಿದ್ರೆ ಅವತ್ತೇ ಡಾಕ್ಟರು. ಔಷಧಿ ಇಲ್ಲದೆ ತೆಗೆಯೋದು ಹಿಂಗೆ: ಹೇನು ಬಾಚೋ ಹಣಿಗೆ ತಗೊ, ಪಕ್ಕದಲ್ಲಿ ಸೋಪಿನ ನೀರು ಬಟ್ಟಲಲ್ಲಿಟ್ಕೊ, ಬಾಚಿ ಬಾಚಿ ಅದರಲ್ಲಿ ಅದ್ದು, ಸೋಪಿನ ನೀರಿಗೆ ಬಿದ್ದ ಚಿಗಟ ಮತ್ತೆ ಹಾರಲ್ಲ. ತುಂಬಾ ಇದ್ರೆ ಮಾತ್ರ ಸ್ನಾನ. ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಬೆಚ್ಚಗಿನ ನೀರು, ಮೊದ್ಲು ಕುತ್ತಿಗೆ ಸುತ್ತ ನೊರೆ ಬಳೆ ಮಾಡು, ಇಲ್ಲ ಅಂದ್ರೆ ಎಲ್ಲ ಓಡಿ ಮುಖಕ್ಕೆ ಕಿವಿಗೆ ಹೋಗ್ತಾವೆ, ತಲೆಗೆ ನೀರು ಹಾಕ್ಬೇಡ. ಎರಡೇ ನಿಮಿಷ, ಒಂದೊಂದೇ ಮರಿ, ಒರೆಸಿ ಪೂರ್ತಿ ಒಣಗಿಸಿ ಬಿಸಿನೀರು ಬಾಟ್ಲಿ ಪಕ್ಕ. ಈ ಮಳೇಲಿ ಒದ್ದೆ ಬಿಟ್ರೆ ಮತ್ತೆ ತಣ್ಣಗಾಗಿ ಮೊದಲಿನ ಕಥೆನೇ. ಬಿಳೀದಕ್ಕೆ ಸ್ನಾನ ಬೇಡ, ಹಣಿಗೆ ಸಾಕು. ಡಬ್ಬದ ಬಟ್ಟೆ ದಿನಾ ಬದಲಾಯಿಸಿ ಕುದಿಯೋ ನೀರಿಗೆ ಹಾಕು, ಚಿಗಟದ ಮೊಟ್ಟೆ ಅದರಲ್ಲೇ ಇರೋದು.

ವೆಟ್_ಕಾಲೇಜು_ಹುಡುಗ:

ಅಕ್ಕ ಹೇಳಿದ್ದು ಪೂರ್ತಿ ಸರಿ. ಉಣುಗನ್ನ ಚಿಮುಟದಲ್ಲಿ ಚರ್ಮಕ್ಕೆ ತೀರ ಹತ್ರ ಹಿಡಿದು ನೇರ ಎಳೀರಿ, ಬರಿಗೈಯಲ್ಲಿ ಹೊಸಕ್ಬೇಡಿ, ಸೋಪಿನ ನೀರಿಗೋ ಸ್ಪಿರಿಟ್‌ಗೋ ಹಾಕಿ, ಕೈ ತೊಳ್ಕೊಳ್ಳಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ, ಹಾಗಾಗಿ ಹೆದರಿಕೆ ಸಹಜ. ಆದ್ರೆ ಅದು ಹೆಚ್ಚಾಗಿ ಹರಡೋದು ಮಳೆ ಮುಗಿದ್ಮೇಲೆ, ಡಿಸೆಂಬರ್‌ನಿಂದ ಮೇ ಒಳಗೆ, ಕಾಡಿಗೆ ತರಗೆಲೆ ಗುಡಿಸೋಕೆ, ಕಟ್ಟಿಗೆಗೆ ಹೋದೋರಿಗೆ ಮರಿ ಉಣುಗು ಕಚ್ಚಿ. ಮನೆ ಒಳಗೆ ಡಬ್ಬದಲ್ಲಿರೋ ಮರಿಯಿಂದ ಅಂತ ಈಗ ಮಗನ್ನ ಹೆದರಿಸ್ಬೇಡಿ, ಮುಟ್ಟಿದ್ಮೇಲೆ ಸೋಪಲ್ಲಿ ಕೈ ತೊಳೆಯೋ ಅಭ್ಯಾಸ ಮಾಡ್ಸಿ ಸಾಕು.

ಹೊಟ್ಟೆಹುಳಕ್ಕೆ ಔಷಧಿ ಎರಡು ವಾರದಿಂದಲೇ ಶುರು ಮಾಡಬಹುದು, ಉದ್ದ ಹುಳ ತಾಯಿ ಹಾಲಿಂದಲೇ ಬಂದಿರುತ್ತೆ. ಎರಡು ವಾರಕ್ಕೊಂದ್ಸಲ, ಎಂಟು ವಾರದವರೆಗೂ, ಎಷ್ಟು ಹನಿ ಅಂತ ತೂಕ ನೋಡಿ ಡಾಕ್ಟರೇ ಹೇಳ್ಬೇಕು. ವ್ಯಾಕ್ಸಿನ್ ಎಂಟು ವಾರಕ್ಕೆ ಮೊದಲನೇದು, ಮೂರು ನಾಲ್ಕು ವಾರ ಬಿಟ್ಟು ಮತ್ತೆ, ರೇಬಿಸ್‌ದು ಮೂರು ತಿಂಗಳಿಗೆ. ಹೊರಗಿನ ದೊಡ್ಡ ಬೆಕ್ಕು ಮನೆಯೋರಿಗೆ ಯಾರಿಗಾದ್ರೂ ಕಚ್ಚಿದ್ರೆ, ರಕ್ತ ಬರೋ ಹಾಗೆ ಪರಚಿದ್ರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ, ಅರಿಶಿನ ಹಚ್ಚಿ ಕೂರ್ಬೇಡಿ.

ತೀರ್ಥಳ್ಳಿ_ಸೊಸೆ:

ಸರಿ ಹಣಿಗೆ ಹಿಡಿದು ಕೂತಿದೀನಿ, ಬಟ್ಟಲು ತುಂಬಾ ಚಿಗಟ, ನೋಡೋಕಾಗಲ್ಲ. ಒಸಡು ಗುಲಾಬಿನೇ ಇದೆ.

ಮುಂದಿನದ್ದು ಈಗಲೇ ಕೇಳಿಬಿಡ್ತೀನಿ, ಹಾಲು ಬಿಡಿಸೋ ಹೊತ್ತಿಗೆ ಏನು ಕೊಡ್ಲಿ? ನಮ್ಮನೇಲಿ ಮೊಸರನ್ನ, ಹಾಲನ್ನ ಇದೆ ಅಷ್ಟೇ. ಅತ್ತೆ ಮೇಕೆ ಹಾಲಿಗೆ ಮೊಟ್ಟೆ ಹಳದಿ ಕೊಟ್ಟಿಗೇಲಿ ಕಲಸೋದಕ್ಕೆ ಒಪ್ಪಿದ್ದೇ ದೊಡ್ಡದು, ಅದೂ ಆ ಚಮಚ ಬೇರೆ ಇಟ್ಟಿದಾರೆ.

ಸಾಗರದ_ರಾಯರು:

ನಮ್ಮದೂ ಅಂಥದೇ ಮನೆ. ಹಿಂದೆ ಮೊಸರನ್ನ ತಿಂದ ಬೆಕ್ಕುಗಳು ಬದುಕುತ್ತಿದ್ದದ್ದು ಅಡಿಕೆ ಅಟ್ಟದ ಇಲಿಯಿಂದ, ಮೊಸರನ್ನದಿಂದ ಅಲ್ಲ. ಈಗ ಪ್ಯಾಕೆಟ್ ಆಹಾರ ತರುತ್ತೇವೆ, ಅಂಗಳದಲ್ಲಿ ಹಾಕುತ್ತೇವೆ, ಯಾರ ಮಡಿಗೂ ತೊಂದರೆ ಆಗಿಲ್ಲ.

ವೆಟ್_ಕಾಲೇಜು_ಹುಡುಗ:

ರಾಯರು ಹೇಳಿದ್ದೇ ಉತ್ತರ. ಬೆಕ್ಕು ನಾಯಿ ಥರ ಅಲ್ಲ, ಮಾಂಸ ಇಲ್ಲದೆ ಅದಕ್ಕೆ ಆಗೋದೇ ಇಲ್ಲ. ಟೌರಿನ್ ಅಂತ ಒಂದು ಅಂಶ ಮಾಂಸ ಮೀನಲ್ಲಿರುತ್ತೆ, ಬೆಕ್ಕಿನ ಮೈ ಅದನ್ನ ಸಾಕಷ್ಟು ತಯಾರು ಮಾಡ್ಕೊಳ್ಳಲ್ಲ, ಅನ್ನದಲ್ಲಿ ಅದು ಇಲ್ಲ, ಹಾಲು ಮೊಸರಲ್ಲಿರೋದು ಸಾಲಲ್ಲ. ಅದು ಕಮ್ಮಿ ಆದ್ರೆ ತಿಂಗಳುಗಟ್ಟಲೆ ಏನೂ ಗೊತ್ತಾಗಲ್ಲ, ಆಮೇಲೆ ಕಣ್ಣು ಹೋಗುತ್ತೆ, ಹೃದಯ ದೊಡ್ಡದಾಗುತ್ತೆ. ಕಿಟನ್ ಅಂತ ಬರೆದಿರೋ ಪ್ಯಾಕೆಟ್ ಆಹಾರದಲ್ಲಿ ಟೌರಿನ್ ಸೇರಿಸಿರ್ತಾರೆ, ನಾಯಿದು ತಂದು ಹಾಕ್ಬೇಡಿ, ಅದು ಬೆಕ್ಕಿಗೆ ಸಾಲಲ್ಲ.

ನಾಲ್ಕು ವಾರಕ್ಕೆ ಮುಂಚೆ ಅವಸರ ಬೇಡ. ಆ ಹೊತ್ತಿಗೆ ಕೋರೆಹಲ್ಲು ಬಂದಿರ್ತಾವೆ, ಸಿರಿಂಜ್ ಕಚ್ಚಿ ಜಗಿಯೋಕೆ ಶುರು ಮಾಡ್ತಾವೆ, ಅದೇ ಗುರುತು. ಆ ಕಿಟನ್ ಪ್ಯಾಕೆಟ್ಟಿನ ಕಾಳು ಬಿಸಿನೀರಲ್ಲಿ ನೆನೆಸಿ, ಅವು ಕುಡೀತಿರೋ ಹಾಲಲ್ಲೇ ಅಂಬಲಿ ಹದಕ್ಕೆ ಕಿವುಚಿ ಚಪ್ಪಟೆ ತಟ್ಟೇಲಿ ಇಡಿ. ಮೊದಲ ದಿನ ತಿನ್ನೋದಕ್ಕಿಂತ ಅದರಲ್ಲಿ ಹೊರಳಾಡೋದೇ ಜಾಸ್ತಿ, ಅಡಿಕೆ ಹಾಳೆ ತಟ್ಟೆಯಾದ್ರೆ ಮಗುಚಲ್ಲ, ಆಮೇಲೆ ಎಸೀಬಹುದು. ದಿನ ಹೋದಂಗೆ ಗಟ್ಟಿ ಮಾಡ್ತಾ ಹೋಗಿ, ಎಂಟು ವಾರಕ್ಕೆ ಹಾಲು ಬಿಟ್ಟು ಕಾಳು ನೀರು ಅಷ್ಟೇ. ಹಾಲು ಕುಡಿಸೋದು ಒಂದೇ ಸಲ ನಿಲ್ಲಿಸ್ಬೇಡಿ. ತೂಕ ದಿನಾ ಒಂದೇ ಹೊತ್ತಿಗೆ ಬರೆದಿಡಿ, ಒಂದು ದಿನ ಏರದಿದ್ರೆ ನೋಡೋಣ, ಇಳಿದ್ರೆ ಮಾತ್ರ ಏನೋ ಸರಿ ಇಲ್ಲ ಅಂತ.

ಕಕ್ಕಕ್ಕೆ ನಾಲ್ಕು ವಾರದ ಹೊತ್ತಿಗೆ ಒಂದು ಅಗಲ ತಟ್ಟೇಲಿ ಮರಳು ಇಡಿ, ಗಟ್ಟಿಯಾಗಿ ಉಂಡೆ ಕಟ್ಟೋ ಅಂಗಡಿ ಲಿಟರ್ ಸಣ್ಣ ಮರಿಗೆ ಬೇಡ, ತಿಂದುಬಿಡ್ತಾವೆ. ಮನೇಲಿ ಬಸುರಿ ಹೆಂಗಸರಿದ್ರೆ ಅದನ್ನ ಬೇರೆಯವರು ಬಳಿಯಲಿ.

ಕೊತ್ತಿ_ಅಕ್ಕ:

ತಂಗೀ ನನ್ನ ಹತ್ರ ಸೀಲ್ ಒಡೆಯದ ಹಾಲಿನ ಪುಡಿ ಡಬ್ಬ ಒಂದಿದೆ, ನಿಪ್ಪಲ್ ಬಾಟ್ಲಿನೂ ಇದೆ. ನಾಳೆ ಬೆಳಿಗ್ಗೆ ತೀರ್ಥಹಳ್ಳಿ ಬಸ್ಸಿಗೆ ಕಂಡಕ್ಟರ್ ಕೈಲಿ ಕೊಟ್ಟು ಕಳಿಸ್ತೀನಿ, ಯಾರನ್ನಾದ್ರೂ ಬಸ್ ಸ್ಟ್ಯಾಂಡಿಗೆ ಕಳ್ಸು, ಬಸ್ಸಿನ ಹೆಸರು ಮೆಸೇಜ್ ಮಾಡ್ತೀನಿ. ಮೇಕೆ ಹಾಲಿಂದ ಪೌಡರಿಗೆ ಒಂದೇ ಸಲ ಬದಲಾಯಿಸ್ಬೇಡ, ಅರ್ಧ ಅರ್ಧ ಮಾಡಿ ಎರಡು ದಿನದಲ್ಲಿ ಬದಲಾಯಿಸು. ಮತ್ತೆ ರಾತ್ರಿ ಡಬ್ಬ ಕೊಟ್ಟಿಗೇಲಿ ಬಿಡ್ಬೇಡ, ಗಂಡು ಬೆಕ್ಕು ಬಂದ್ರೆ ಮರಿ ಕೊಂದು ಹಾಕುತ್ತೆ, ಒಳಗೆ ಬಾಗಿಲು ಹಾಕಿ ಇಟ್ಕೊ.

ತೀರ್ಥಳ್ಳಿ_ಸೊಸೆ:

ಅಕ್ಕಾ ನಿಮಗೆ ಎಷ್ಟು ಹೇಳಿದ್ರೂ ಸಾಲ್ದು. ನಮ್ಮೆಜಮಾನ್ರು ಹೋಗ್ತಾರೆ ಬಸ್ ಸ್ಟ್ಯಾಂಡಿಗೆ, ಹೊಳೆ ಇವತ್ತು ಇಳಿದಿದೆ. ಬಿಳೀದು 146 ಆಗಿದೆ. ಡಬ್ಬ ಈಗ ದೇವರ ಕೋಣೆ ಪಕ್ಕದ ಜಗಲೀಲಿ, ಅತ್ತೆದೇ ನಿರ್ಧಾರ ಅದು, ನಾನು ಕೇಳಿದ್ದೂ ಅಲ್ಲ.

ಹೊಸನಗರದ_ಮಾಣಿ:

ದನಿನ ಔಷಧಿ ವಿಷ್ಯ ನಮ್ಮಪ್ಪಂಗೂ ಹೇಳಿದೆ, ಗೊತ್ತಿರ್ಲಿಲ್ಲ ಅಂದ್ರು. ಅದಿರ್ಲಿ, ಆ ಪಟ್ಟೆ ಮರಿ ನಂಗೆ ಕೊಡ್ತೀರಾ? ನಮ್ಮ ಅಡಿಕೆ ಗೋಡೌನಲ್ಲಿ ಇಲಿ ಗೋಣಿ ಎಲ್ಲ ತೂತು ಮಾಡಿ ಇಟ್ಟಿದಾವೆ. ಮುಂದಿನ ವಾರ ಆ ಕಡೆ ಬರೋದಿದೆ.

ಕೊತ್ತಿ_ಅಕ್ಕ:

ಮುಂದಿನ ವಾರ ಅಲ್ಲ ಮಾಣಿ, ಎಂಟು ವಾರ ತುಂಬಿದ್ಮೇಲೆ, ಮೊದಲನೇ ವ್ಯಾಕ್ಸಿನ್ ಆದ್ಮೇಲೆ. ಹೆಣ್ಣಾದ್ರೆ ಐದು ತಿಂಗಳೊಳಗೆ ಆಪರೇಷನ್ ಮಾಡಿಸ್ತೀನಿ ಅಂತ ಒಪ್ಕೊಂಡ್ರೆ ಮಾತ್ರ, ನಾಲ್ಕೈದು ತಿಂಗಳಿಗೇ ಗಬ್ಬ ಆಗ್ತಾವೆ ಅವು. ಇಲಿ ಪಾಷಾಣ ಗೋಡೌನಲ್ಲಿ ಇಟ್ಟಿದ್ರೆ ಈಗ್ಲೇ ತೆಗ್ಸು, ಪಾಷಾಣ ತಿಂದ ಇಲಿ ಹಿಡಿದ್ರೆ ಬೆಕ್ಕೂ ಹೋಗುತ್ತೆ.

ಹೊಸನಗರದ_ಮಾಣಿ:

ಪಾಷಾಣ ಇದೆ, ತೆಗೀತೀನಿ. ಆಪರೇಷನ್ ಖರ್ಚು ಎಷ್ಟಾಗುತ್ತೆ ಅದನ್ನ ಹೇಳಿ ಮೊದ್ಲು, ಅಪ್ಪಂಗೆ ಹೇಳ್ಬೇಕಲ್ಲ ನಾನು.